ಹವ್ಯಾಸಕ್ಕಾಗಿ ಹಾರಾಟ ಕಲಿಯುವವರಿಗೆ: ಸೆಸ್ನಾ, ಮೈಕ್ರೊಲೈಟ್, ಗ್ಲೈಡರ್, ಪ್ಯಾರಾಗ್ಲೈಡರ್‌ಗಳಲ್ಲಿ ಯಾವುದು?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಜಕ್ಕೂರನ್ನು ದಾಟುವಾಗ ತಲೆಯ ಮೇಲೆ ತಗ್ಗಿ ಬಂದು ಇಳಿಯುವ ಪುಟ್ಟ ವಿಮಾನವನ್ನು ಕಂಡು, ತಾನೂ ಒಮ್ಮೆ ಅದನ್ನು ಹಾರಿಸಬೇಕೆಂದು ಆಸೆಪಟ್ಟವರು ಅನೇಕರಿದ್ದಾರೆ. ಅವರಲ್ಲಿ ಯಾರಾದರೂ ಮುಂದುವರಿದು ವಿಚಾರಿಸಿದರೆ ಸಿಗುವ ಮಾಹಿತಿ ಬಹುಮಟ್ಟಿಗೆ ವಿಮಾನ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಬಯಸುವ ತರುಣರಿಗಾಗಿ ಸಿದ್ಧವಾದದ್ದು. ಇನ್ನೂರು ಗಂಟೆಗಳ ಹಾರಾಟ, ಹನ್ನೆರಡನೇ ತರಗತಿಯ ಭೌತಶಾಸ್ತ್ರ, ಬ್ಯಾಂಕಿನ ಸಾಲ ಇವುಗಳನ್ನು ಕೇಳಿದ ಹವ್ಯಾಸಿ ಅಲ್ಲಿಗೇ ನಿಲ್ಲುತ್ತಾನೆ. ವಾಸ್ತವವಾಗಿ ಹವ್ಯಾಸಿಯ ದಾರಿಯೇ ಬೇರೆ, ಮತ್ತು ಅದು ಒಂದೇ ದಾರಿಯಲ್ಲ. ನಾಲ್ಕೈದು ದಾರಿಗಳಿವೆ. ಅವುಗಳಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ.

ಹೋಲಿಕೆಗೆ ಇಳಿಯುವ ಮುನ್ನ ನನ್ನ ಅಳತೆಗೋಲು ಯಾವುದೆಂದು ಹೇಳಿಬಿಡುತ್ತೇನೆ. ಪರವಾನಗಿ ಕೈಗೆ ಬಂದ ಎರಡನೆಯ ವರ್ಷದಲ್ಲಿ ನೀವು ತಿಂಗಳಿಗೆ ಎಷ್ಟು ಸಲ ಹಾರುತ್ತೀರಿ ಎಂಬುದೇ ಆ ಅಳತೆ. ಹಾರಾಟ ಈಜಿನಂತಹ ವಿದ್ಯೆಯಲ್ಲ. ಈಜು ಒಮ್ಮೆ ಬಂದರೆ ಮರೆಯದು, ವಿಮಾನ ಇಳಿಸುವ ಕೈ ಎರಡು ತಿಂಗಳಲ್ಲಿ ಮರೆಯುತ್ತದೆ. ಆದ್ದರಿಂದ ಯಾವ ಪರವಾನಗಿ ದೊಡ್ಡದು, ಯಾವ ವಿಮಾನ ಚೆಂದ ಎಂಬ ಪ್ರಶ್ನೆಗಳಿಗಿಂತ, ನಿಮ್ಮ ಊರು, ನಿಮ್ಮ ರಜೆ, ನಿಮ್ಮ ಸಂಬಳ ಇವುಗಳ ನಡುವೆ ಯಾವುದನ್ನು ಬಿಡದೆ ನಡೆಸಿಕೊಂಡು ಹೋಗಲು ಸಾಧ್ಯ ಎಂಬ ಪ್ರಶ್ನೆ ಮುಖ್ಯವಾಗುತ್ತದೆ.

ಖಾಸಗಿ ಪೈಲಟ್ ಪರವಾನಗಿ

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಪಿಪಿಎಲ್ ಎಂದು ಕರೆಯಲಾಗುವ ಈ ಪರವಾನಗಿಯನ್ನು ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನೀಡುತ್ತದೆ. ಹದಿನಾರು ವರ್ಷ ತುಂಬಿ ಹತ್ತನೇ ತರಗತಿ ಪಾಸಾದವರು ವಿದ್ಯಾರ್ಥಿ ಪೈಲಟ್ ಪರವಾನಗಿ ಪಡೆದು ಕಲಿಕೆ ಆರಂಭಿಸಬಹುದು. ಪಿಪಿಎಲ್ ಪಡೆಯಲು ಹದಿನೇಳು ತುಂಬಿರಬೇಕು. ಭೌತಶಾಸ್ತ್ರ, ಗಣಿತಗಳ ಷರತ್ತು ವೃತ್ತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಇದಕ್ಕಲ್ಲ. ಕನಿಷ್ಠ 40 ಗಂಟೆಗಳ ಹಾರಾಟ ಆಗಿರಬೇಕು. ಅದರಲ್ಲಿ 20 ಗಂಟೆ ಒಬ್ಬರೇ ಹಾರಿರಬೇಕು, ಆ ಒಂಟಿ ಹಾರಾಟದಲ್ಲಿ 5 ಗಂಟೆ ಊರಿಂದೂರಿಗೆ ಹೋಗುವ ದೂರದ ಹಾರಾಟವಾಗಿರಬೇಕು, ಒಂದು ಪಯಣವಂತೂ 150 ನಾಟಿಕಲ್ ಮೈಲಿಗಿಂತ ಕಡಿಮೆಯಿಲ್ಲದೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತು ಸಾಗಿರಬೇಕು. 150 ನಾಟಿಕಲ್ ಮೈಲಿ ಎಂದರೆ ಸುಮಾರು 278 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ರಸ್ತೆಯಲ್ಲಿ ಹೋಗಿ ಬಂದಷ್ಟು ದೂರ. ಇದರೊಂದಿಗೆ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆ, ರೇಡಿಯೊದಲ್ಲಿ ಮಾತನಾಡುವ ಪರವಾನಗಿ, ವಿಮಾನ ನಿಯಮಗಳು, ಹವಾಮಾನ, ದಿಕ್ಕು ನಿರ್ಣಯ ಮೊದಲಾದ ವಿಷಯಗಳ ಲಿಖಿತ ಪರೀಕ್ಷೆ ಇರುತ್ತವೆ.

ನಲವತ್ತು ಎಂಬುದು ಕನಿಷ್ಠ ಮಿತಿಯೇ ಹೊರತು ವಾಡಿಕೆಯಲ್ಲ. ವಾರಕ್ಕೊಮ್ಮೆ ಬರುವ ಉದ್ಯೋಗಸ್ಥರು ಐವತ್ತು, ಅರವತ್ತು ಗಂಟೆ ತೆಗೆದುಕೊಳ್ಳುವುದು ಸಹಜ. ಗಂಟೆಗೆ 14,000 ರೂಪಾಯಿ ಎಂದಿಟ್ಟುಕೊಂಡರೆ ಐವತ್ತೈದು ಗಂಟೆಗೆ 7,70,000 ರೂಪಾಯಿ ಆಗುತ್ತದೆ. ಪುಸ್ತಕ, ಪರೀಕ್ಷೆ, ವೈದ್ಯರು, ಓಡಾಟ ಇವು ಬೇರೆ. ಲೆಕ್ಕ ಹಾಕುವಾಗ ಮೊದಲಿಗೇ ಐವತ್ತೈದರಿಂದ ಗುಣಿಸಿಕೊಳ್ಳಿ. ಅನೇಕರು ನಲವತ್ತರಿಂದ ಗುಣಿಸಿ ಹಣ ಹೊಂದಿಸಿಕೊಂಡು, ಮೂವತ್ತೈದನೆಯ ಗಂಟೆಯಲ್ಲಿ ಕೈ ಬರಿದಾಗಿ ಬಿಟ್ಟಿರುವುದನ್ನು ನೋಡಿದ್ದೇನೆ.

ಕಲಿಕೆಯ ವಿಮಾನ ಸಾಮಾನ್ಯವಾಗಿ ಸೆಸ್ನಾ 152 ಅಥವಾ 172 ಆಗಿರುತ್ತದೆ. 152 ಇಬ್ಬರು ಕೂರುವ ವಿಮಾನ, 110 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಹಾರುವಾಗಿನ ಗರಿಷ್ಠ ತೂಕ 757 ಕೆ.ಜಿ. 172 ನಾಲ್ವರು ಕೂರುವಂಥದ್ದು. 1955ರಲ್ಲಿ ಮೊದಲು ಹಾರಿದ ಇದು ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ. ಹವ್ಯಾಸಿಯ ದೃಷ್ಟಿಯಿಂದ ನಾನು 152ರ ಪರ. ಅದು ಗಂಟೆಗೆ ಕುಡಿಯುವ ಪೆಟ್ರೋಲ್ ಕಡಿಮೆ, ಕೈಯ ಸಣ್ಣ ತಪ್ಪನ್ನೂ ಅದು ಕೂಡಲೇ ತೋರಿಸಿಕೊಡುತ್ತದೆ. ಆದರೆ ಕಲಿಯುವವರ ಮೈತೂಕ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಖಾಲಿ ವಿಮಾನವೇ ಐನೂರು ಕೆ.ಜಿ. ಮೀರುತ್ತದೆ, ಟ್ಯಾಂಕು ತುಂಬಿದರೆ ಮತ್ತೆ ಎಪ್ಪತ್ತು. ಶಿಕ್ಷಕರಿಗೂ ನಿಮಗೂ ಸೇರಿ ಉಳಿಯುವುದು ನೂರೆಪ್ಪತ್ತು ಕೆ.ಜಿ.ಯಷ್ಟೇ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ವಿಮಾನ ತಯಾರಕರ ಲೆಕ್ಕದಂತೆ ಆ ಎತ್ತರದಲ್ಲಿ ಉಷ್ಣಾಂಶ 9 ಡಿಗ್ರಿ ಇರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ 34 ಡಿಗ್ರಿ ಇದ್ದರೆ ವ್ಯತ್ಯಾಸ 25 ಡಿಗ್ರಿ, ಡಿಗ್ರಿಗೆ 120 ಅಡಿಯಂತೆ ಮತ್ತೆ 3,000 ಅಡಿ ಸೇರುತ್ತದೆ. ಅಂದರೆ ನೆಲ ಬಿಡುವ ಮೊದಲೇ ನಿಮ್ಮ ರೆಕ್ಕೆಗೂ ಎಂಜಿನ್‌ಗೂ ಸಿಗುವುದು 6,000 ಅಡಿ ಎತ್ತರದ ತೆಳು ಗಾಳಿ. ಓಟ ಉದ್ದವಾಗುತ್ತದೆ, ಏರಿಕೆ ನಿಧಾನವಾಗುತ್ತದೆ. ಇಂತಹ ಮಧ್ಯಾಹ್ನಗಳಲ್ಲಿ ತುಂಬಿದ 152 ಮರಗಳ ಸಾಲನ್ನು ದಾಟುವ ಬಗೆಯನ್ನು ಒಮ್ಮೆ ಒಳಗೆ ಕುಳಿತು ನೋಡಿದವರು ಬೆಳಗಿನ ಆರೂವರೆಗೆ ಹಾರಲು ತಾವಾಗಿಯೇ ಏಳುತ್ತಾರೆ. ಬೆಳಿಗ್ಗೆ ಬೇಗ ಬರಲಾಗದವರು ಯಾವ ಬಗೆಯ ಹಾರಾಟವನ್ನು ಆರಿಸಿಕೊಂಡರೂ ಕಷ್ಟವೇ. ಡಿಸೆಂಬರ್, ಜನವರಿಯ ಮಂಜಿನ ದಿನಗಳನ್ನು ಬಿಟ್ಟರೆ ನಮ್ಮ ಕಡೆ ಒಳ್ಳೆಯ ಹವೆ ಸಿಗುವುದು ಬೆಳಗಿನ ಮೊದಲ ಮೂರು ಗಂಟೆಗಳಲ್ಲಿಯೇ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಆರಂಭವಾದದ್ದು; ಮೈಸೂರು, ಕಲಬುರಗಿ, ಬೆಳಗಾವಿಗಳ ನಿಲ್ದಾಣಗಳಿಗೂ ಈಗ ತರಬೇತಿ ಸಂಸ್ಥೆಗಳು ಬಂದಿವೆ. ಆದರೆ ಹವ್ಯಾಸಿಗಳು ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಈ ಸಂಸ್ಥೆಗಳು ನಡೆಯುವುದು ಇನ್ನೂರು ಗಂಟೆಯ ವಿದ್ಯಾರ್ಥಿಗಳಿಂದ. ವಾರವಿಡೀ ಹಾಸ್ಟೆಲಿನಲ್ಲಿದ್ದು ಕಾಯುವ ಇಪ್ಪತ್ತರ ಹುಡುಗ ಹುಡುಗಿಯರ ಸಾಲಿನ ಕೊನೆಯಲ್ಲಿ ನಿಮ್ಮ ಶನಿವಾರದ ಒಂದು ಗಂಟೆ ನಿಲ್ಲುತ್ತದೆ. ಇದು ಯಾರ ತಪ್ಪೂ ಅಲ್ಲ. ಹೀಗಾಗಿ ಪಿಪಿಎಲ್ ಮಾಡುವವರು ವಾರಕ್ಕೊಮ್ಮೆ ಹೋಗಿ ಎರಡು ವರ್ಷ ಎಳೆಯುವ ಬದಲು, ಅಕ್ಟೋಬರ್ ನಂತರ ಎರಡು ಮೂರು ತಿಂಗಳ ರಜೆ ಒಟ್ಟುಗೂಡಿಸಿಕೊಂಡು ಒಂದೇ ಬೀಸಿಗೆ ಮುಗಿಸುವುದು ಎಲ್ಲ ರೀತಿಯಲ್ಲೂ ಮೇಲು.

ನನ್ನ ಅನುಭವವನ್ನೇ ಹೇಳುವುದಾದರೆ, ರಿಯಾಯಿತಿಯ ಆಸೆಗೆ ಒಂದು ಶಾಲೆಯಲ್ಲಿ ಇಪ್ಪತ್ತು ಗಂಟೆಗಳ ಹಣವನ್ನು ಮುಂಗಡವಾಗಿ ಕಟ್ಟಿದ್ದೆ. ಏಳನೆಯ ಗಂಟೆಯ ಹೊತ್ತಿಗೆ ಅಲ್ಲಿದ್ದ ಎರಡು ವಿಮಾನಗಳಲ್ಲಿ ಒಂದು ಎಂಜಿನ್ ಬಿಡಿಭಾಗಕ್ಕಾಗಿ ಹ್ಯಾಂಗರಿನಲ್ಲಿ ನಿಂತಿತು. ಇನ್ನೊಂದರ ಸರದಿ ನನಗೆ ಬರಲೇ ಇಲ್ಲ. ನಾಲ್ಕು ತಿಂಗಳ ಮೇಲೆ ಮತ್ತೆ ಹಾರಿದಾಗ ಚಕ್ರ ನೆಲ ಮುಟ್ಟುವ ಮುನ್ನ ಮೂಗನ್ನು ಎಷ್ಟು ಎತ್ತಬೇಕೆಂಬುದೇ ಕೈಗೆ ನೆನಪಿರಲಿಲ್ಲ. ಮೊದಲ ಐದು ಗಂಟೆಗಳ ಪಾಠವನ್ನು ಮತ್ತೆ ಹಣ ಕೊಟ್ಟು ಕಲಿತಂತಾಯಿತು. ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ: ಐದು ಗಂಟೆಗಿಂತ ಹೆಚ್ಚಿನ ಹಣವನ್ನು ಮುಂದಾಗಿ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಇರಲಿ.

ಪರವಾನಗಿ ಬಂದ ಮೇಲಿನ ಸಂಗತಿಯನ್ನೂ ಇಲ್ಲಿಯೇ ನೋಡಬೇಕು. ಪಿಪಿಎಲ್ ಇದ್ದವರು ಮನೆಯವರನ್ನು, ಗೆಳೆಯರನ್ನು ಕೂರಿಸಿಕೊಂಡು ಹಾರಬಹುದು, ಅದಕ್ಕೆ ಹಣ ಪಡೆಯುವಂತಿಲ್ಲ. ಆದರೆ ಹಾರಿಸಲು ವಿಮಾನ ಬೇಕಲ್ಲ. ನಮ್ಮಲ್ಲಿ ಗಂಟೆಯ ಲೆಕ್ಕದಲ್ಲಿ ವಿಮಾನ ಬಾಡಿಗೆಗೆ ಕೊಡುವ ಏರ್ಪಾಡು ಬಹಳ ವಿರಳ. ಕಲಿತ ಶಾಲೆಯಲ್ಲಿಯೇ, ಅವರ ವಿಮಾನ ಬಿಡುವಾಗಿದ್ದಾಗ, ಅವರ ಷರತ್ತಿನಂತೆ ಹಾರಬೇಕು. ಸೇರುವ ದಿನವೇ ಕೇಳಬೇಕಾದ ಪ್ರಶ್ನೆ ಇದು: ಪರವಾನಗಿ ಬಂದ ಮೇಲೆ ನನಗೆ ವಿಮಾನ ಕೊಡುತ್ತೀರಾ, ಗಂಟೆಗೆ ಎಷ್ಟು, ವಾರದ ಯಾವ ದಿನ? ಉತ್ತರ ತಡವರಿಸಿದರೆ ಆ ಶಾಲೆ ನಿಮಗೆ ಹೊಂದುವುದಿಲ್ಲ.

ಮೈಕ್ರೊಲೈಟ್

ಎರಡನೆಯ ದಾರಿ ಮೈಕ್ರೊಲೈಟ್. ಇಬ್ಬರಿಗಿಂತ ಹೆಚ್ಚು ಜನ ಕೂರದ, ಒಟ್ಟು ತೂಕ 450 ಕೆ.ಜಿ. ಒಳಗಿನ ವಿಮಾನಗಳಿವು. ಇದಕ್ಕೆ ಡಿಜಿಸಿಎ ಪ್ರತ್ಯೇಕ ಪರವಾನಗಿ ಕೊಡುತ್ತದೆ. ಅದನ್ನು ಹಿಡಿದು ಸೆಸ್ನಾ ಹಾರಿಸುವಂತಿಲ್ಲ. ಜಕ್ಕೂರಿನ ಬಯಲು ಬಹಳ ವರ್ಷಗಳಿಂದ ಇವುಗಳಿಗೆ ನೆಲೆ. ಎನ್‌ಸಿಸಿಯ ವಾಯು ವಿಭಾಗವೂ ತನ್ನ ವಿದ್ಯಾರ್ಥಿಗಳಿಗೆ ಹಾರಾಟದ ಮೊದಲ ರುಚಿ ತೋರಿಸುವುದು ಮೈಕ್ರೊಲೈಟಿನಲ್ಲಿಯೇ. ಕಾಲೇಜಿನಲ್ಲಿರುವ ತಂಗಿ ತಮ್ಮಂದಿರು ಮನೆಯಲ್ಲಿದ್ದರೆ, ಹಣ ಖರ್ಚಿಲ್ಲದ ಆ ಅವಕಾಶವನ್ನು ಅವರು ಬಿಡಬಾರದು.

ಮೈಕ್ರೊಲೈಟ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಜಾತಿಗಳಿವೆ. ಒಂದು, ಮಾಮೂಲಿ ವಿಮಾನದಂತೆ ಕೈಯಲ್ಲಿ ಹಿಡಿಯುವ ಕಡ್ಡಿ ಮತ್ತು ಕಾಲಿನ ಪೆಡಲುಗಳಿಂದ ನಡೆಯುವಂಥದ್ದು. ಇನ್ನೊಂದು ಟ್ರೈಕ್: ಮೇಲೆ ಬಟ್ಟೆಯ ರೆಕ್ಕೆ, ಕೆಳಗೆ ತೂಗುವ ಮೂರು ಚಕ್ರದ ಗಾಡಿ, ಹಿಂದೆ ಎಂಜಿನ್, ಕೈಯಲ್ಲಿ ಅಡ್ಡ ಸರಳನ್ನು ಹಿಡಿದು ಮೈಭಾರವನ್ನು ಸರಿಸುತ್ತ ನಡೆಸಬೇಕು. ಎರಡರ ನಡುವೆ ಆರಿಸುವಾಗ ಮುಖ್ಯವಾದ ವಿಷಯ ಏನೆಂದರೆ, ಅವುಗಳ ಹಿಡಿತ ಒಂದಕ್ಕೊಂದು ತಿರುವುಮುರುವು. ವಿಮಾನದಲ್ಲಿ ಕಡ್ಡಿಯನ್ನು ನಿಮ್ಮತ್ತ ಎಳೆದರೆ ಮೂಗು ಮೇಲೇಳುತ್ತದೆ; ಟ್ರೈಕಿನಲ್ಲಿ ಸರಳನ್ನು ಮುಂದಕ್ಕೆ ತಳ್ಳಿದರೆ ಮೂಗು ಮೇಲೇಳುತ್ತದೆ. ನೆಲದ ಮೇಲೆ ಓಡುವಾಗಲೂ ಹಾಗೆಯೇ: ವಿಮಾನದಲ್ಲಿ ಬಲಗಾಲು ಒತ್ತಿದರೆ ಬಲಕ್ಕೆ ಹೋಗುತ್ತದೆ, ಟ್ರೈಕಿನಲ್ಲಿ ಎಡಕ್ಕೆ. ನೆಮ್ಮದಿಯ ಹೊತ್ತಿನಲ್ಲಿ ಇದನ್ನು ನೆನಪಿಟ್ಟುಕೊಳ್ಳಬಹುದು. ಇಳಿಯುವ ಗಳಿಗೆಯಲ್ಲಿ ಗಾಳಿ ಹೊಡೆದಾಗ ಮನುಷ್ಯನ ಕೈ ಮೊದಲು ಕಲಿತದ್ದನ್ನೇ ಮಾಡುತ್ತದೆ. ಆದ್ದರಿಂದ ಮುಂದೆ ಎಂದಾದರೂ ಸೆಸ್ನಾಗೆ ಹೋಗುವ ಯೋಚನೆ ಇದ್ದವರು ಟ್ರೈಕಿನಿಂದ ಆರಂಭಿಸಬೇಡಿ. ಹಾಗಿಲ್ಲದೆ, ಬೆಳಗಿನ ತಂಪಿನಲ್ಲಿ ಮುಖಕ್ಕೆ ಗಾಳಿ ಹೊಡೆಸಿಕೊಂಡು ಕೆರೆ, ಬೆಟ್ಟ ನೋಡುತ್ತ ತಿರುಗಿ ಬರುವುದೇ ಸಾಕು ಎನ್ನುವವರಿಗೆ ಟ್ರೈಕಿನಷ್ಟು ಸುಖ ಬೇರೆಲ್ಲೂ ಇಲ್ಲ.

ಖರ್ಚಿನ ವ್ಯತ್ಯಾಸ ಎಂಜಿನ್ನಿನಿಂದ ಬರುತ್ತದೆ. ಮೈಕ್ರೊಲೈಟುಗಳಲ್ಲಿ ಹೆಚ್ಚಾಗಿ ಇರುವುದು ಆಸ್ಟ್ರಿಯಾದ ರೋಟ್ಯಾಕ್ಸ್ 912. ಇದು ಕಾರಿನ ಪೆಟ್ರೋಲಿನಲ್ಲಿಯೂ ಓಡುತ್ತದೆ. ಸೆಸ್ನಾಗೆ ಬೇಕಾದ 100 ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿನ ಬೆಲೆಗೂ ಅಭಾವಕ್ಕೂ ಅಂಜಬೇಕಿಲ್ಲ. ಎರಡನ್ನೂ ಹಾರಾಟಕ್ಕೆ ಮುನ್ನ ಪರೀಕ್ಷಿಸುವ ಬಗೆಯಲ್ಲೇ ಅವುಗಳ ಸ್ವಭಾವ ಕಾಣುತ್ತದೆ. ಸೆಸ್ನಾದ ರೆಕ್ಕೆಯ ಕೆಳಗಿನ ಪುಟ್ಟ ಕವಾಟಕ್ಕೆ ಪಾರದರ್ಶಕ ಲೋಟವನ್ನು ಒತ್ತಿ ಎರಡು ಬೆರಳಷ್ಟು ಪೆಟ್ರೋಲ್ ಇಳಿಸಿಕೊಂಡು, ಬೆಳಗಿನ ಬೆಳಕಿಗೆ ಹಿಡಿದು ನೋಡುತ್ತೇವೆ. ತಿಳಿನೀಲಿ ಬಣ್ಣ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ತಳದಲ್ಲಿ ಬಣ್ಣವಿಲ್ಲದ ಹನಿ ಉರುಳಾಡುತ್ತಿದ್ದರೆ ಅದು ನೀರು. ರೋಟ್ಯಾಕ್ಸಿನಲ್ಲಿ ಎಣ್ಣೆ ಬೇರೊಂದು ಡಬ್ಬಿಯಲ್ಲಿ ಇರುವುದರಿಂದ, ಸ್ವಿಚ್ಚುಗಳೆಲ್ಲ ಆಫ್ ಆಗಿವೆಯೆಂದು ಎರಡು ಸಲ ನೋಡಿಕೊಂಡು, ಪಂಖವನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಹತ್ತು ಹದಿನೈದು ಸುತ್ತಾದ ಮೇಲೆ ಡಬ್ಬಿಯೊಳಗಿನಿಂದ ಗುಳುಗುಳು ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆಯೇ ಎಣ್ಣೆಯ ಮಟ್ಟವನ್ನು ಅಳೆಯುವುದು. ಚಳಿಗಾಲದ ಮುಂಜಾನೆ ಈ ಸದ್ದಿಗಾಗಿ ಕಿವಿಗೊಟ್ಟು ನಿಲ್ಲುವ ಐದು ನಿಮಿಷ ನನಗೆ ಹಾರಾಟದಷ್ಟೇ ಪ್ರಿಯ.

ಮೈಕ್ರೊಲೈಟಿನ ಕೊರತೆ ಅದರ ಹಗುರದಲ್ಲಿದೆ. ಜೂನ್, ಜುಲೈ ತಿಂಗಳ ಪಡುವಣ ಗಾಳಿಯಲ್ಲಿ 152 ಕುಲುಕುವ ಕಡೆ ಮೈಕ್ರೊಲೈಟ್ ಚಿಮ್ಮುತ್ತದೆ. ಹಾರಲಾಗದೆ ಮನೆಗೆ ಹಿಂತಿರುಗುವ ದಿನಗಳು ಹೆಚ್ಚು. ತೂಕದ ಮಿತಿಯೂ ಬಿಗಿ. ಖಾಲಿ ವಿಮಾನ 290 ಕೆ.ಜಿ. ಇದ್ದರೆ ಪೆಟ್ರೋಲ್ ಸೇರಿ ಇಬ್ಬರಿಗೂ ಉಳಿಯುವುದು 160 ಕೆ.ಜಿ. ಮಾತ್ರ. ಆದರೂ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ವಾರಕ್ಕೊಂದು ಬೆಳಗ್ಗೆ ಮಾತ್ರ ಬಿಡುವಿರುವವರಿಗೆ ನನ್ನ ಮೊದಲ ಸಲಹೆ ಕಡ್ಡಿ ಹಿಡಿತದ ಮೈಕ್ರೊಲೈಟ್. ಖರ್ಚು ಕಡಿಮೆ ಇರುವುದರಿಂದ ತಿಂಗಳಿಗೆ ಎರಡು ಮೂರು ಸಲ ಹಾರುವುದು ಸಾಧ್ಯವಾಗುತ್ತದೆ, ಮತ್ತು ಮೊದಲೇ ಹೇಳಿದಂತೆ ಆ ಎರಡು ಮೂರು ಸಲವೇ ಎಲ್ಲಕ್ಕಿಂತ ಮುಖ್ಯ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ವಿಮಾನದಲ್ಲಿಯೂ ರೋಟ್ಯಾಕ್ಸ್ ಎಂಜಿನ್ನೇ ಇರುವುದರಿಂದ ಅನೇಕರು ಅದನ್ನು ಮೈಕ್ರೊಲೈಟ್ ಎಂದುಕೊಳ್ಳುತ್ತಾರೆ. ಎಂಜಿನ್ ಯಾವುದೆಂಬುದರಿಂದ ಪರವಾನಗಿ ನಿರ್ಧಾರವಾಗುವುದಿಲ್ಲ, ತೂಕದಿಂದ ಆಗುತ್ತದೆ. ಹಂಸ 450 ಕೆ.ಜಿ.ಯ ಮಿತಿಯನ್ನು ಮೀರಿದ್ದು, ಅದಕ್ಕೆ ಪಿಪಿಎಲ್ ಬೇಕು. 1993ರಲ್ಲಿ ಮೊದಲು ಹಾರಿದ ಈ ಇಬ್ಬರ ವಿಮಾನದ ಹೊಸ ರೂಪ ಹಂಸ ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಹಾರಿತು. ಅದಕ್ಕೂ ಬಹಳ ಹಿಂದೆ, 1958ರಲ್ಲಿ, ಎಚ್‌ಎಎಲ್‌ನ ಪುಷ್ಪಕ ಇದೇ ಊರಿನಿಂದ ಮೇಲೆದ್ದು ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ತುಂಬಿತ್ತು. ಹವ್ಯಾಸಿ ಹಾರಾಟಕ್ಕೆ ಬೇಕಾದ ವಿಮಾನ ನಮ್ಮೂರಿನಲ್ಲೇ ತಯಾರಾದ ಇತಿಹಾಸವಿದೆ. ಅದು ಕೈಗೆಟುಕುವ ಬೆಲೆಗೆ ಕ್ಲಬ್ಬುಗಳಿಗೆ ಮತ್ತೆ ಸಿಗುವಂತಾಗಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಗ್ಲೈಡರ್ ಮತ್ತು ಪ್ಯಾರಾಗ್ಲೈಡರ್

ಎಂಜಿನ್ ಇಲ್ಲದ ಹಾರಾಟವನ್ನು ಕೆಳದರ್ಜೆಯದೆಂದು ತಿಳಿಯುವವರಿದ್ದಾರೆ. ಹಾರಾಟದ ಮೂಲಪಾಠ ಕಲಿಸುವುದರಲ್ಲಿ ಗ್ಲೈಡರಿಗೆ ಸಮನಾದದ್ದಿಲ್ಲ ಎಂದು ನಾನು ನಂಬಿದ್ದೇನೆ. ಪುಣೆಯ ಹಡಪ್ಸರದಲ್ಲಿ ಡಿಜಿಸಿಎಯದೇ ಗ್ಲೈಡಿಂಗ್ ಕೇಂದ್ರವಿದೆ. ಮೈದಾನದ ಆಚೆ ತುದಿಯಲ್ಲಿರುವ ವಿಂಚ್ ಎಂಬ ಯಂತ್ರ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಅದಕ್ಕೆ ಕಟ್ಟಿದ ಗ್ಲೈಡರ್ ಗಾಳಿಪಟದಂತೆ ನೆಟ್ಟಗೆ ಏರಿ ಸುಮಾರು ಸಾವಿರ ಅಡಿಯಲ್ಲಿ ಹಗ್ಗ ಬಿಟ್ಟುಕೊಳ್ಳುತ್ತದೆ. ನೆಲದಿಂದ ಮೇಲೇಳುವ ಬಿಸಿಗಾಳಿ ಸಿಕ್ಕರೆ ಗಂಟೆಗಟ್ಟಲೆ ಮೇಲಿರಬಹುದು, ಸಿಗದಿದ್ದರೆ ಐದಾರು ನಿಮಿಷಕ್ಕೆ ಇಳಿಯಬೇಕು. ಇಳಿಯುವಾಗ ತಪ್ಪಾಯಿತೆಂದು ಎಂಜಿನ್ ಹೆಚ್ಚಿಸಿ ಮತ್ತೆ ಮೇಲೇರುವ ಅವಕಾಶವಿಲ್ಲ. ಪ್ರತಿ ಇಳಿತವೂ ಕೊನೆಯ ಇಳಿತವೆಂಬಂತೆ ಮೊದಲೇ ಯೋಚಿಸಿ ಮಾಡಬೇಕು.

ಗ್ಲೈಡರಿನ ಗಾಜಿನ ಮುಂದೆ, ಹೊರಗಡೆ, ಗೇಣುದ್ದದ ಕೆಂಪು ಉಣ್ಣೆಯ ದಾರವೊಂದನ್ನು ಅಂಟಿಸಿರುತ್ತಾರೆ. ಅದು ನೇರವಾಗಿ ನಿಮ್ಮತ್ತ ಹರಿಯುತ್ತಿದ್ದರೆ ವಿಮಾನ ಗಾಳಿಯನ್ನು ನೇರವಾಗಿ ಸೀಳುತ್ತಿದೆ ಎಂದರ್ಥ. ಎಡಕ್ಕೋ ಬಲಕ್ಕೋ ವಾಲಿದರೆ ಕಾಲಿನ ಕೆಲಸ ಸರಿಯಾಗಿಲ್ಲ. ಸಾವಿರಾರು ರೂಪಾಯಿಯ ಯಾವ ಉಪಕರಣವೂ ಇದಕ್ಕಿಂತ ನಿಚ್ಚಳವಾಗಿ ಹೇಳದು. ಆ ದಾರವನ್ನು ನೋಡಿ ಕಲಿತವರು ಮುಂದೆ ಸೆಸ್ನಾದಲ್ಲಿ ಕುಳಿತಾಗ ಶಿಕ್ಷಕರು ಮೊದಲ ತಿರುವಿನಲ್ಲೇ ಗುರುತಿಸುತ್ತಾರೆ.

ಪ್ಯಾರಾಗ್ಲೈಡರ್ ಇನ್ನೂ ಸರಳ. ಬೆನ್ನಿಗೆ ಹೊತ್ತುಕೊಂಡು ಬೆಟ್ಟವೇರಿ, ಬಿಚ್ಚಿ, ಓಡಿ ಹಾರುವಂಥದ್ದು. ನಮಗೆ ಸಮೀಪದ ಹಳೆಯ ಕಲಿಕೆಯ ಸ್ಥಳ ಲೋಣಾವಳದ ಬಳಿಯ ಕಾಮಶೇತ್; ದೂರದ್ದು, 2015ರಲ್ಲಿ ವಿಶ್ವಕಪ್ ನಡೆದ ಹಿಮಾಚಲದ ಬೀರ್ ಬಿಲ್ಲಿಂಗ್. ಕೆಲವೇ ದಿನಗಳ ಆರಂಭಿಕ ತರಗತಿಗಳು ಕೆಲವು ಹತ್ತು ಸಾವಿರಗಳಲ್ಲಿ ಮುಗಿಯುತ್ತವೆ. ಸ್ವಂತ ರೆಕ್ಕೆ, ಕೂರುವ ಪಟ್ಟಿ, ತುರ್ತು ಪ್ಯಾರಾಚೂಟ್ ಹೊಸದಾಗಿ ಕೊಂಡರೆ ಮೂರು ಲಕ್ಷದ ಆಸುಪಾಸು ಆಗಬಹುದು, ಆದರೆ ಆಮೇಲೆ ಯಾರ ವಿಮಾನಕ್ಕೂ ಕಾಯಬೇಕಿಲ್ಲ. ಇದರ ಅಪಾಯವನ್ನು ಮಾತ್ರ ಹಗುರವಾಗಿ ಕಾಣಬಾರದು. ರೆಕ್ಕೆಗೆ ಗಟ್ಟಿ ಚೌಕಟ್ಟಿಲ್ಲ. ಒರಟು ಗಾಳಿಯಲ್ಲಿ ಅದು ಮಡಚಿಕೊಳ್ಳಬಲ್ಲದು. ಕಲಿಯದೆ, ಪ್ರವಾಸದ ಹುಮ್ಮಸ್ಸಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಹಾರಲು ಹೋಗಬೇಡಿ.

ಸೆಸ್ನಾ, ಗ್ಲೈಡರ್, ಪ್ಯಾರಾಗ್ಲೈಡರ್ ಮೂರನ್ನೂ ಒಂದೇ ಮಟ್ಟದಲ್ಲಿಟ್ಟು ನೋಡಬೇಕೆಂದರೆ ಹೀಗೆ ಯೋಚಿಸಿ. ನಿಶ್ಚಲ ಗಾಳಿಯಲ್ಲಿ 300 ಮೀಟರ್ ಎತ್ತರದಲ್ಲಿ ಎಂಜಿನ್ ನಿಂತ ಸೆಸ್ನಾ 172 ಸುಮಾರು 2.7 ಕಿ.ಮೀ. ದೂರ ತೇಲಿ ಹೋಗಬಲ್ಲದು. ಪ್ಯಾರಾಗ್ಲೈಡರಿನ ದೂರವೂ ಬಹುತೇಕ ಅಷ್ಟೇ, ಆದರೆ ಅದು ಸೈಕಲ್ ಸವಾರನಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಬಂದು ಅಂಗಳದಷ್ಟು ಜಾಗದಲ್ಲಿ ಇಳಿಯುತ್ತದೆ. ಕಲಿಕೆಯ ಗ್ಲೈಡರ್ ಅದೇ ಎತ್ತರದಿಂದ 9 ಕಿ.ಮೀ. ಹೋಗುತ್ತದೆ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯವರಿಗೆ ಪುಣೆ, ಕಾಮಶೇತ್‌ಗಳು ಬೆಂಗಳೂರಿಗಿಂತ ಬಹಳ ದೂರವೇನಲ್ಲ. ಅವರು ಈ ಎರಡನ್ನು ಮೊದಲು ನೋಡಬೇಕು. ಹಡಪ್ಸರಕ್ಕೆ ಹೊರಡುವ ಮುನ್ನ ಹಾರಾಟ ನಡೆಯುವ ದಿನಗಳನ್ನು ಫೋನಿನಲ್ಲಿ ಖಚಿತಪಡಿಸಿಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಸ್ಯಾನ್ ಹೋಸೆ, ಡಲ್ಲಾಸ್, ಸಿಯಾಟಲ್‌ಗಳಲ್ಲಿ ಕೆಲಸದಲ್ಲಿರುವ ನಮ್ಮವರು ಈ ವಿದ್ಯೆಗೆ ಅತ್ಯಂತ ಅನುಕೂಲವಾದ ಜಾಗದಲ್ಲಿದ್ದಾರೆ. ಅಲ್ಲಿಯೂ ಖಾಸಗಿ ಪರವಾನಗಿಗೆ ಕನಿಷ್ಠ 40 ಗಂಟೆಯೇ. ಆದರೆ ಸ್ಪೋರ್ಟ್ ಪೈಲಟ್ ಎಂಬ ಕಿರಿಯ ಪರವಾನಗಿ 20 ಗಂಟೆಗೆ ದೊರೆಯುತ್ತದೆ, ಅದಕ್ಕೆ ಕಾರು ಓಡಿಸುವ ಲೈಸೆನ್ಸೇ ಆರೋಗ್ಯದ ಪುರಾವೆಯಾಗಿ ಸಾಕಾಗುತ್ತದೆ. ಒಬ್ಬ ಪ್ರಯಾಣಿಕರನ್ನು ಮಾತ್ರ ಕರೆದೊಯ್ಯಬಹುದು. ಸಾರ್ವಜನಿಕ ಬಳಕೆಯ ನಿಲ್ದಾಣಗಳೇ ಐದು ಸಾವಿರದಷ್ಟಿವೆ, ಗಂಟೆಗೆ ಬಾಡಿಗೆ ಕೊಡುವ ಕ್ಲಬ್ಬುಗಳು ಪ್ರತಿ ಊರಿನಲ್ಲಿವೆ. ಅಮೆರಿಕದ ಪ್ರಜೆಗಳಲ್ಲದವರು ಪಾಠ ಆರಂಭಿಸುವ ಮೊದಲು ಸಾರಿಗೆ ಭದ್ರತಾ ಆಡಳಿತದ ಅನುಮತಿ ಪಡೆಯಬೇಕು. ಇದನ್ನು ಮರೆತು ಶಾಲೆಗೆ ಹಣ ಕಟ್ಟಬೇಡಿ. ಪ್ರಯಾಣಿಕರನ್ನು ಕೂರಿಸಿಕೊಳ್ಳಲು ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು, ಎರಡು ವರ್ಷಕ್ಕೊಮ್ಮೆ ಶಿಕ್ಷಕರೊಡನೆ ಹಾರಿ ತೋರಿಸಬೇಕು. ಹತ್ತಾರು ವರ್ಷ ಅಲ್ಲಿಯೇ ಇರುವವರು ಖಾಸಗಿ ಪರವಾನಗಿಯನ್ನೇ ಮಾಡಿಕೊಳ್ಳಿ. ಎರಡು ಮೂರು ವರ್ಷದಲ್ಲಿ ಊರಿಗೆ ಮರಳುವವರು, ಇಲ್ಲಿ ಹಾರಲು ಡಿಜಿಸಿಎ ಮುಂದೆ ಮತ್ತೆ ನಿಲ್ಲಬೇಕೆಂಬುದನ್ನು ಗಮನದಲ್ಲಿಟ್ಟು, ಹಾರಿದ ಪ್ರತಿ ನಿಮಿಷವನ್ನೂ ಲಾಗ್‌ಬುಕ್ಕಿನಲ್ಲಿ ಶಿಕ್ಷಕರ ಸಹಿಯೊಂದಿಗೆ ಅಚ್ಚುಕಟ್ಟಾಗಿ ಬರೆಸಿಟ್ಟುಕೊಳ್ಳಿ. ಅಲ್ಲಿ ಕಲಿಯುವುದಕ್ಕೆಂದೇ ಭಾರತದಿಂದ ಹೋಗುವುದು ಹವ್ಯಾಸಿಗೆ ತಕ್ಕ ದಾರಿಯೆಂದು ನನಗೆ ತೋರುವುದಿಲ್ಲ. ಕಲಿತದ್ದು ಒಂದು ಕಡೆ, ಹಾರಬೇಕಾದದ್ದು ಇನ್ನೊಂದು ಕಡೆ ಆಗುತ್ತದೆ.

ಹಣ ಕಟ್ಟುವ ಮುನ್ನ

ಮೊದಲ ಖರ್ಚು ವೈದ್ಯಕೀಯ ಪರೀಕ್ಷೆಯದಾಗಿರಲಿ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಎರಡನೇ ದರ್ಜೆಯ ಪರೀಕ್ಷೆ ಮಾಡಿಸಿಕೊಂಡ ಮೇಲೆಯೇ ಶಾಲೆಯ ಬಾಗಿಲು ತಟ್ಟಿ. ಕನ್ನಡಕ ಅಡ್ಡಿಯಲ್ಲ, ಬಣ್ಣ ಗುರುತಿಸುವ ತೊಂದರೆ ಅಡ್ಡಿಯಾಗಬಹುದು, ಅದು ಇರುವುದೇ ಅನೇಕರಿಗೆ ಗೊತ್ತಿರುವುದಿಲ್ಲ. ಎರಡನೆಯದು ವಿಮೆ. ಜೀವವಿಮೆಯ ಅಪಘಾತದ ಭಾಗದಲ್ಲಿ, ಟಿಕೆಟ್ ಕೊಂಡ ಪ್ರಯಾಣಿಕರಾಗಿ ಹೊರತು ಬೇರೆ ರೀತಿಯ ಹಾರಾಟಕ್ಕೆ ಪರಿಹಾರವಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಆ ಪುಟವನ್ನು ಮನೆಯವರೊಂದಿಗೆ ಕುಳಿತು ಓದಿ, ಅವರ ಒಪ್ಪಿಗೆ ಪಡೆದು ಮುಂದುವರಿಯಿರಿ. ಭಾಷೆಯ ಅಂಜಿಕೆ ಬೇಡ. ಪರೀಕ್ಷೆಯೂ ರೇಡಿಯೊ ಮಾತೂ ಇಂಗ್ಲಿಷಿನಲ್ಲಿಯೇ ಇವೆ, ನಿಜ. ಆದರೆ ರೇಡಿಯೊದಲ್ಲಿ ಆಡುವುದು ಕಟ್ಟಿಟ್ಟ ಕೆಲವೇ ವಾಕ್ಯಗಳು, ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ತಿಂಗಳ ಅಭ್ಯಾಸದಲ್ಲಿ ಅವನ್ನು ನಿರಾಯಾಸವಾಗಿ ಹೇಳುವುದನ್ನು ಕಂಡಿದ್ದೇನೆ. ಕಂಪ್ಯೂಟರಿನ ಸಿಮ್ಯುಲೇಟರ್ ಚೆಕ್‌ಲಿಸ್ಟ್ ಬಾಯಿಪಾಠಕ್ಕೆ ಒಳ್ಳೆಯದು. ಇಳಿಸುವುದನ್ನು ಅದರಲ್ಲಿ ಕಲಿಯಲು ಹೋಗಬೇಡಿ, ಹೊರಗೆ ನೋಡುವ ಬದಲು ಉಪಕರಣಗಳ ಮುಳ್ಳುಗಳನ್ನೇ ನೋಡುವ ಚಾಳಿ ಬೆಳೆಯುತ್ತದೆ.

ಕೊನೆಯದಾಗಿ, ನಿಮ್ಮ ಮನಸ್ಸಿನಲ್ಲಿರುವ ಶಾಲೆಗೆ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ, ಹೇಳದೆ ಹೋಗಿ. ಗೇಟಿನಲ್ಲಿ ಅನುಮತಿ ಕೇಳಿ ಹ್ಯಾಂಗರಿನ ಪಕ್ಕ ನಿಂತುಕೊಳ್ಳಿ. ಎಷ್ಟು ವಿಮಾನಗಳು ಹೊರಗೆ ಬಂದವು, ಎಷ್ಟು ಒಳಗೇ ಉಳಿದವು, ಬಂದವುಗಳಲ್ಲಿ ಎಷ್ಟು ಹಾರಿದವು, ಕಾಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಹಾರದೆ ಹಿಂತಿರುಗಿದರು ಎಂದು ಎಣಿಸಿ. ಅವರಲ್ಲಿ ಒಬ್ಬರನ್ನು ಚಹಾಕ್ಕೆ ಕರೆದು, ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ ಎಂದು ಕೇಳಿ. ಲಾಗ್‌ಬುಕ್ ತೆರೆದು ತೋರಿಸುವಂತೆ ವಿನಯದಿಂದ ಕೇಳಿದರೆ ಹೆಚ್ಚಿನವರು ಸಂತೋಷದಿಂದ ತೋರಿಸುತ್ತಾರೆ. ಎರಡು ಸಾಲುಗಳ ನಡುವಿನ ತಾರೀಖುಗಳ ಅಂತರವನ್ನು ನೋಡಿ. ಹತ್ತು ದಿನಕ್ಕಿಂತ ಕಡಿಮೆ ಇದ್ದರೆ ಅಲ್ಲಿಯೇ ಸೇರಿಕೊಳ್ಳಿ.